1997ರ 'ಟ್ವೆಲ್ವ್ ಆಂಗ್ರಿ ಮೆನ್': ಅದೇ ಮಾತು, ಬೇರೆ ಮುಖ. ನಿಮಗೆ ಒಪ್ಪಿಗೆಯಾಯ್ತಾ?

ಹಳೇ ಟಾಕೀಸು (ಬೆಂಗಳೂರು)

ಸಿಡ್ನಿ ಲ್ಯೂಮೆಟ್‌ನ 1957ರ 'ಟ್ವೆಲ್ವ್ ಆಂಗ್ರಿ ಮೆನ್' ಬಗ್ಗೆ ಇಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ನಲವತ್ತು ವರ್ಷದ ನಂತರ, 1997ರಲ್ಲಿ, ವಿಲಿಯಂ ಫ್ರೀಡ್‌ಕಿನ್ ಅದನ್ನೇ ಅಮೆರಿಕದ ಷೋಟೈಮ್ ಚಾನೆಲ್‌ಗೆ ಮತ್ತೆ ತೆಗೆದ. ಅದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ. ಬಿಟ್ಟರೂ "ಹಳೆಯದರ ಮುಂದೆ ಏನೂ ಅಲ್ಲ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ಅದು ಅನ್ಯಾಯ.

ಕಥೆ ಗೊತ್ತಿಲ್ಲದವರಿಗೆ: ನ್ಯೂಯಾರ್ಕಿನ ಕೊಳೆಗೇರಿಯ ಹುಡುಗನೊಬ್ಬ ಅಪ್ಪನನ್ನು ಚಾಕುವಿನಿಂದ ಇರಿದು ಕೊಂದ ಅಂತ ಆರೋಪ. ವಾದ ಮುಗಿದಿದೆ. ಹನ್ನೆರಡು ಜನ ಜ್ಯೂರಿ ಸದಸ್ಯರು, ಅಂದರೆ ತೀರ್ಪು ಹೇಳಬೇಕಾದ ಸಾಮಾನ್ಯ ನಾಗರಿಕರು, ಒಂದು ಕೋಣೆಗೆ ಹೋಗುತ್ತಾರೆ, ವಿಪರೀತ ಸೆಕೆ. ಹನ್ನೊಂದು ಜನ ತಪ್ಪಿತಸ್ಥ ಅನ್ನುತ್ತಾರೆ, ಎಂಟನೇ ಸದಸ್ಯ ಒಬ್ಬನೇ "ನನಗೆ ಖಾತ್ರಿ ಇಲ್ಲ, ಮಾತಾಡೋಣ" ಅನ್ನುತ್ತಾನೆ. ತೀರ್ಪು ಒಮ್ಮತದ್ದೇ ಆಗಬೇಕು. ಅಲ್ಲಿಂದ ಒಬ್ಬೊಬ್ಬರೇ ಹೇಗೆ ಮನಸ್ಸು ಬದಲಿಸುತ್ತಾರೆ ಅನ್ನುವುದೇ ಸಿನಿಮಾ.

ಹಳೆಯದರಲ್ಲಿ ಆ ಎಂಟನೆಯವನು ಹೆನ್ರಿ ಫೋಂಡಾ. ಬಿಳಿ ಸೂಟು, ನೆಟ್ಟ ನಿಲುವು, ತಣ್ಣಗಿನ ದನಿ. ಮೊದಲ ಐದು ನಿಮಿಷದಲ್ಲೇ ಇವನು ಹೇಳಿದ್ದು ಸರಿ ಅಂತ ನಮಗೆ ಗೊತ್ತಾಗಿಬಿಡುತ್ತೆ. ಹೊಸದರಲ್ಲಿ ಜ್ಯಾಕ್ ಲೆಮನ್. ಆಗ ಅವನಿಗೆ ಎಪ್ಪತ್ತೆರಡು. ಅವನು ಕೈ ಎತ್ತುವಾಗ "ಅಯ್ಯೋ, ನಾನೊಬ್ಬನೇ ಆಗಿಬಿಟ್ಟೆನಲ್ಲ" ಅನ್ನೋ ಮುಜುಗರ ಮುಖದಲ್ಲಿ ಕಾಣುತ್ತೆ. ಸಂಶಯ ಅಂದರೆ ಅದು ಅಲ್ವಾ? ನಾಯಕನ ಸಂಶಯ ಅಲ್ಲ, ಸಾಮಾನ್ಯ ಮನುಷ್ಯನ ಸಂಶಯ. ಈ ಒಂದು ಪಾತ್ರದಲ್ಲಿ ಹೊಸದೇ ಮೇಲು ಅಂತ ನಾನು ಹೇಳ್ತೀನಿ. ಒಪ್ಪದವರು ಬನ್ನಿ.

ಬೆಳಕು ನೆರಳು (ಮೈಸೂರು)

ಬಂದೆ ಸರ್. ಲೆಮನ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಟರನ್ನು ಮಾತ್ರ ತೂಗಿದರೆ ಲ್ಯೂಮೆಟ್ ಏನು ಮಾಡಿದ ಅನ್ನುವುದೇ ಬಿಟ್ಟುಹೋಗುತ್ತೆ.

ಆ ಕೋಣೆಯನ್ನು ಹೇಗೆ ತೆಗೆದೆ ಅಂತ ಲ್ಯೂಮೆಟ್ ತಾನೇ ಬರೆದಿಟ್ಟಿದ್ದಾನೆ. ಸಿನಿಮಾದ ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿದೆ. ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತೆ. ಕೊನೆಯ ಭಾಗದಲ್ಲಿ ಅದಕ್ಕೂ ಕೆಳಗೆ, ಆಗ ತಲೆಯ ಮೇಲಿನ ಛಾವಣಿ ಚೌಕಟ್ಟಿನೊಳಗೆ ಬಂದು ಕೂರುತ್ತೆ. ಜೊತೆಗೆ ಲೆನ್ಸ್‌ನ ಫೋಕಲ್ ಉದ್ದವನ್ನು ಹಂತಹಂತವಾಗಿ ಹೆಚ್ಚಿಸುತ್ತಾ ಹೋದ. ಹಾಗೆ ಮಾಡಿದಾಗ ಹಿಂದಿನ ಗೋಡೆ ಮನುಷ್ಯರ ಬೆನ್ನಿಗೆ ಅಂಟಿದಂತೆ ಕಾಣುತ್ತೆ. ಕೋಣೆ ಅಷ್ಟೇ ಇದೆ, ನಮಗೆ ಮಾತ್ರ ಉಸಿರು ಕಟ್ಟುತ್ತೆ. ಕೊನೆಗೆ ಎಲ್ಲರೂ ಕೋರ್ಟಿನ ಮೆಟ್ಟಿಲು ಇಳಿಯುವಾಗ ವೈಡ್ ಲೆನ್ಸ್ ಹಾಕಿ ಗಾಳಿ ಬಿಡ್ತಾನೆ. ಇದೆಲ್ಲ ಅವನ ಮೊದಲ ಸಿನಿಮಾದಲ್ಲಿ! ಕ್ಯಾಮೆರಾ ಹಿಡಿದವನು ಬೋರಿಸ್ ಕೌಫ್‌ಮನ್.

ಫ್ರೀಡ್‌ಕಿನ್‌ದು ಮೇಜಿನ ಸುತ್ತ ಓಡಾಡುವ ಕ್ಯಾಮೆರಾ. ಚುರುಕಾಗಿದೆ, ನಿಜ. ಆದರೆ ಮೊದಲ ನಿಮಿಷವೂ ಐವತ್ತನೇ ನಿಮಿಷವೂ ಒಂದೇ ಥರ ಚುರುಕು. ಒತ್ತಡ ಏರಬೇಕಾದರೆ ಮೊದಲು ಕೆಳಗಿರಬೇಕಲ್ಲ? ಹಳೆಯದು 96 ನಿಮಿಷ, ಹೊಸದು 117. ಆ ಇಪ್ಪತ್ತೊಂದು ನಿಮಿಷ ನನಗೆ ಎಳೆದ ಹಾಗೇ ಅನ್ನಿಸಿತು.

ಕುಡ್ಲದ ಕಡಲು (ಮಂಗಳೂರು)

ನಾನು ಹೊಸದನ್ನೇ ಮೊದಲು ನೋಡಿದವಳು ಮಾರಾಯ್ರೆ, ಹಾಗಾಗಿ ನನ್ನ ಲೆಕ್ಕ ಬೇರೆ ಉಂಟು.

ನಮ್ಮಲ್ಲಿ ತಾಳಮದ್ದಳೆಗೆ ಹೋದವರು ಕಥೆ ತಿಳಿಯಲಿಕ್ಕೆ ಹೋಗುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು. ಈ ಸಲ ಕರ್ಣನ ಅರ್ಥ ಯಾರು ಹೇಳ್ತಾರೆ, ಕೃಷ್ಣನಿಗೆ ಯಾರು ಕೂತಿದ್ದಾರೆ ಅಂತ ನೋಡಲಿಕ್ಕೆ ಹೋಗುವುದು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ವಾದ. ಈ ಜ್ಯೂರಿ ಕೋಣೆಯೂ ಹಾಗೆಯೇ ಅಲ್ವಾ? ಲೆಮನ್ ಒಂದು ಕಡೆ, ಜಾರ್ಜ್ ಸಿ. ಸ್ಕಾಟ್ ಇನ್ನೊಂದು ಕಡೆ ಕೂತರೆ ಮತ್ತೆ ನೋಡಲಿಕ್ಕೆ ಅದೇ ಸಾಕು. ರೀಮೇಕ್ ಯಾಕೆ ಅಂತ ಕೇಳುವುದೇ ನನಗೆ ಅರ್ಥ ಆಗುವುದಿಲ್ಲ.

ಸ್ಕಾಟ್ ಬಗ್ಗೆ ಒಂದು ಮಾತು. ಮೂರನೇ ಸದಸ್ಯನಿಗೆ ಮಗನ ಮೇಲಿನ ಸಿಟ್ಟು, ಅದನ್ನು ಈ ಆರೋಪಿ ಹುಡುಗನ ಮೇಲೆ ಹಾಕ್ತಾ ಇದ್ದಾನೆ. ಹಳೆಯದರಲ್ಲಿ ಲೀ ಜೆ. ಕಾಬ್ ಅದನ್ನು ಗಟ್ಟಿಮುಟ್ಟಾದ ಮನುಷ್ಯನ ಸಿಟ್ಟಾಗಿ ಮಾಡಿದ. ಸ್ಕಾಟ್‌ಗೆ ಆಗ ಎಪ್ಪತ್ತರ ಹತ್ತಿರ. ಅವನ ಸಿಟ್ಟಿನ ಅಡಿಯಲ್ಲಿ ದಣಿವು ಉಂಟು. ಮಗ ಇನ್ನು ಬರುವುದಿಲ್ಲ, ಬರಲಿಕ್ಕೆ ವರ್ಷಗಳೂ ಉಳಿದಿಲ್ಲ ಅಂತ ಅವನಿಗೆ ಗೊತ್ತುಂಟು. ಆ ಕೊನೆಯ ದೃಶ್ಯ ನೋಡಿ ನನ್ನ ಅಪ್ಪ ಎದ್ದು ಒಳಗೆ ಹೋದರು. ಸ್ಕಾಟ್‌ಗೆ ಇದಕ್ಕೇ ಅಮೆರಿಕದ ಟಿ.ವಿ.ಯ ಎಮಿ ಪ್ರಶಸ್ತಿ ಬಂತು, ಸಲ್ಲಬೇಕಾದದ್ದೇ.

ರಂಗದ ಹುಚ್ಚಿ (ಧಾರವಾಡ)

ತಾಳಮದ್ದಳಿ ಮಾತು ಛಲೋ ಹೇಳಿದಿ ತಂಗಿ. ಆದ್ರ ಅಲ್ಲೇ ಒಂದು ಗಂಟು ಐತಿ ನೋಡು. ತಾಳಮದ್ದಳಿಯೊಳಗ ಪದ್ಯ ಒಂದ, ಅರ್ಥ ಕಲಾವಿದಂದು. ಇಲ್ಲೆ ಅರ್ಥಾನೂ ಮೊದಲಿಂದೇ. ರೆಜಿನಾಲ್ಡ್ ರೋಸ್ 1954ರಾಗ ಟಿ.ವಿ. ನಾಟಕಕ್ಕ ಬರದಿದ್ದು, 1957ರಾಗ ಸಿನಿಮಾಕ್ಕ ಹಿಗ್ಗಿಸಿದ್ದು, 1997ರಾಗೂ ಅಂವನ ಕೈಯಾಗಿಂದೇ ಬಂದೈತಿ. ಮಾತು ಹೆಚ್ಚುಕಡಿಮಿ ಅವೇ, ಕುಂತವರು ಬ್ಯಾರೆ.

1954ರ ಕಾಲ ಯಾವುದು ಅಂತ ನೆನಪು ಮಾಡ್ಕೋರಿ. ಕಮ್ಯುನಿಸ್ಟರ ಬೆನ್ನು ಹತ್ತಿದ ಸೆನೆಟರ್ ಮೆಕಾರ್ಥಿ ಕಾಲ. ಪಕ್ಕದ ಮನಿಯಂವ ಕಮ್ಯುನಿಸ್ಟ್ ಅಂತ ಕೈ ತೋರಿಸಿದ್ರ ನೌಕರಿ ಹೋಗತಿತ್ತು. ಅಂಥಾ ಹೊತ್ತಿನಾಗ ಹನ್ನೊಂದು ಮಂದಿ ಮುಂದ ಒಬ್ಬಂವ "ಅಲ್ಲ" ಅಂದ್ರ ಅದರ ತೂಕ ಬ್ಯಾರೆ. ಆ ಕೋಣಿಯೊಳಗ ಕುಂತ ನಟರನ್ನ ನೋಡ್ರಿ. ಹನ್ನೊಂದನೇ ಸದಸ್ಯ, ವಲಸೆ ಬಂದ ಗಡಿಯಾರದಂವ, ಅಮೆರಿಕದ ನ್ಯಾಯಪದ್ಧತಿ ಎಷ್ಟು ದೊಡ್ಡದು ಅಂತ ಹೇಳತಾನಲ್ಲ, ಆ ನಟ ಜಾರ್ಜ್ ವೊಸ್ಕೋವೆಕ್ ಖರೇನೂ ಪ್ರಾಗ್‌ನಿಂದ ನಾತ್ಸಿಗಳಿಗೆ ಅಂಜಿ ಓಡಿ ಬಂದಂವ. ಅಂಥವನ್ನೂ 1950-51ರಾಗ ಕಮ್ಯುನಿಸ್ಟ್ ಅಂತ ಸಂಶಯಪಟ್ಟು ವಲಸಿಗರನ್ನ ತಡದು ಇಡೋ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಾಗ ಹತ್ತು ತಿಂಗಳು ಕೂಡಿಹಾಕಿದ್ರು. ಅದೇ ಮೇಜಿನ ಮುಂದ ಕುಂತ ಲೀ ಜೆ. ಕಾಬ್, 1953ರಾಗ ಸಂಸತ್ತಿನ ತನಿಖಾ ಸಮಿತಿ ಮುಂದ ಜೊತಿಗಾರರ ಹೆಸರು ಹೇಳಿ ಬಂದಂವ. ಇಬ್ಬರೂ ಒಂದ ಕೋಣಿಯಾಗ! ಅದು ಪರದೆ ಮ್ಯಾಲ ಬರದಿದ್ದರೂ ಆ ಸಿನಿಮಾದ ರಕ್ತದಾಗ ಐತಿ. 1997ಕ್ಕ ಅಂಥಾ ಅಂಜಿಕಿ ಎಲ್ಲಿಂದ ತರೋದು?

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ಅಂಜಿಕೆ ಇತ್ತು ಅಕ್ಕ, ಬೇರೆ ಥರದ್ದು. ಆ ವರ್ಷಗಳನ್ನು ಇಲ್ಲೇ ಇದ್ದು ನೋಡಿದವಳು ನಾನು. 1992ರಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಪೊಲೀಸರು ಹೊಡೆಯುವ ವಿಡಿಯೊ ಇಡೀ ದೇಶ ನೋಡಿದ ಮೇಲೂ ಲಾಸ್ ಏಂಜಲೀಸ್ ಹತ್ತಿರದ ಸಿಮಿ ವ್ಯಾಲಿಯ ಜ್ಯೂರಿ ಆ ಪೊಲೀಸರಿಗೆ ಶಿಕ್ಷೆ ಕೊಡಲಿಲ್ಲ. ಆ ಜ್ಯೂರಿಯಲ್ಲಿ ಒಬ್ಬನೂ ಕಪ್ಪು ಸದಸ್ಯ ಇರಲಿಲ್ಲ. ಲಾಸ್ ಏಂಜಲೀಸ್ ಹೊತ್ತಿ ಉರಿಯಿತು. 1995ರ ಅಕ್ಟೋಬರ್‌ನಲ್ಲಿ, ಮಾಜಿ ಹೆಂಡತಿಯ ಕೊಲೆ ಆರೋಪ ಹೊತ್ತಿದ್ದ ಕಪ್ಪು ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಖುಲಾಸೆ ಆದಾಗ ಆಫೀಸಿನಲ್ಲಿ ಒಂದು ಗುಂಪು ಸಂತೋಷಪಟ್ಟಿತು, ಇನ್ನೊಂದು ಗುಂಪು ಮಾತೇ ಬಿಟ್ಟಿತು. ಯಾವ ಗುಂಪಲ್ಲಿ ಯಾರು ಅನ್ನುವುದನ್ನು ಮೈಬಣ್ಣವೇ ಹೇಳುತ್ತಿತ್ತು. ಜ್ಯೂರಿ ಅಂದರೆ ಅದರಲ್ಲಿ ಕೂತವರು ಯಾವ ಬಣ್ಣದವರು ಅನ್ನುವುದೇ ಮೊದಲ ಪ್ರಶ್ನೆಯಾದ ಕಾಲ ಅದು. ಎರಡೇ ವರ್ಷಕ್ಕೆ ಈ ಸಿನಿಮಾ ಬಂತು. ಹಳೆಯದರಲ್ಲಿ ಹನ್ನೆರಡೂ ಜನ ಬಿಳಿಯರು. ಇದರಲ್ಲಿ ನಾಲ್ವರು ಕಪ್ಪು ನಟರು: ಕೋರ್ಟ್ನಿ ವ್ಯಾನ್ಸ್, ಒಸ್ಸಿ ಡೇವಿಸ್, ಡೋರಿಯನ್ ಹೇರ್‌ವುಡ್, ಮೈಕೆಲ್ಟಿ ವಿಲಿಯಮ್ಸನ್. ಅದಕ್ಕೇ ಇದನ್ನು ಬರೀ ರೀಮೇಕ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಇದೇ ಸಿನಿಮಾದ ಮೇಲೆ ನನಗೆ ದೊಡ್ಡ ತಕರಾರೂ ಇದೆ. ಹತ್ತನೇ ಸದಸ್ಯ. 1957ರಲ್ಲಿ ಎಡ್ ಬೆಗ್ಲಿ ಮಾಡಿದ ಪಾತ್ರ. "ಆ ಜನ ಹುಟ್ಟಿನಿಂದಲೇ ಹಾಗೆ, ಸುಳ್ಳರು, ಕುಡುಕರು" ಅಂತ ವಿಷ ಕಾರುವವನು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಅವನಿಗೆ ಬೆನ್ನು ತಿರುಗಿಸುತ್ತಾರೆ, ಅವನ ದನಿ ಸೋತು ಸಣ್ಣಗಾಗುತ್ತೆ. ಆ ಮಾತನ್ನು ಹೊಸದರಲ್ಲಿ ಯಾರ ಬಾಯಲ್ಲಿ ಇಟ್ಟರು? ವಿಲಿಯಮ್ಸನ್ ಮಾಡಿದ ಪಾತ್ರ, ಹಿಂದೆ 'ನೇಷನ್ ಆಫ್ ಇಸ್ಲಾಂ' ಎಂಬ ಕಪ್ಪು ಮುಸ್ಲಿಮರ ಸಂಘಟನೆಯಲ್ಲಿದ್ದ ಕಪ್ಪು ಮನುಷ್ಯ. ಅವನ ದ್ವೇಷ ಲ್ಯಾಟಿನೊಗಳ ಮೇಲೆ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ ಮೇಲೆ. ನಾಲ್ಕು ಕುರ್ಚಿ ಕೊಟ್ಟರು, ಕೋಣೆಯ ಅತ್ಯಂತ ಹೊಲಸು ಮಾತು ಆಡುವ ಕುರ್ಚಿಯೂ ಅದರಲ್ಲೊಂದು. ಇದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಕುಡ್ಲದ ಕಡಲು (ಮಂಗಳೂರು)

ಅದೇ ನನಗೆ ಆ ಸಿನಿಮಾದಲ್ಲಿ ಹೆಚ್ಚು ಧೈರ್ಯದ್ದು ಅಂತ ಕಂಡದ್ದು! ತುಳಿಸಿಕೊಂಡವನು ಇನ್ನೊಬ್ಬನನ್ನು ತುಳಿಯುವುದಿಲ್ವಾ? ನಮ್ಮ ಸುತ್ತ ದಿನಾ ನೋಡುತ್ತೇವೆ. ತನಗೆ ಮೇಲಿನವರಿಂದ ಆದದ್ದನ್ನೇ ಕೆಳಗಿನವರಿಗೆ ಮಾಡುವವರು ಎಷ್ಟು ಜನ ಬೇಕು? ದ್ವೇಷ ಬಿಳಿಯರ ಸೊತ್ತು ಅಂತ ಬರೆದುಕೊಟ್ಟ ಹಾಗೆ ತೋರಿಸಿದ್ದರೆ ನೋಡುವವರು ಅರ್ಧ ಜನ "ಇದು ನಮ್ಮ ವಿಷಯ ಅಲ್ಲ" ಅಂತ ಆರಾಮಲ್ಲಿ ಕೂರ್ತಿದ್ರು.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ಒಪ್ಪುವ ಮಾತೇ, ಆದರೆ ಆ ಕೋಣೆಗೆ ಹೊಂದುವುದಿಲ್ಲ. ದ್ವೇಷ ಯಾರಿಗಾದರೂ ಬರಬಹುದು, ಸರಿ. ಆ ದ್ವೇಷಕ್ಕೆ ಕೈಯಲ್ಲಿ ಅಧಿಕಾರ ಇದೆಯಾ ಅನ್ನುವುದು ಬೇರೆ. 1957ರ ಹತ್ತನೆಯವನು ಮಾತಾಡುವಾಗ ಅವನ ಹಿಂದೆ ಇಡೀ ಊರು ನಿಂತಿದೆ. ಪೊಲೀಸು, ಕೋರ್ಟು, ಬಾಡಿಗೆ ಮನೆಯ ಮಾಲೀಕ, ಎಲ್ಲರೂ ಅದನ್ನೇ ಮೆಲ್ಲಗೆ ಹೇಳುವವರು. ಇವನು ಜೋರಾಗಿ ಹೇಳಿದ, ಅಷ್ಟೇ. ಅದಕ್ಕೇ ಉಳಿದವರು ಬೆನ್ನು ತಿರುಗಿಸಿದಾಗ ಅವರು ತಮ್ಮೊಳಗಿನದಕ್ಕೂ ಬೆನ್ನು ತಿರುಗಿಸುತ್ತಾರೆ. ಹೊಸದರಲ್ಲಿ ಆ ಮಾತಾಡುವವನು ಒಂಟಿ. ಅವನನ್ನು ತಿರಸ್ಕರಿಸಲು ಉಳಿದ ಬಿಳಿಯರಿಗೆ ಯಾವ ಕಷ್ಟವೂ ಇಲ್ಲ, ತಮ್ಮದೇನನ್ನೂ ಕಳೆದುಕೊಳ್ಳಬೇಕಾಗಿಲ್ಲ. ದೃಶ್ಯದ ಬೆನ್ನೆಲುಬು ಇದ್ದದ್ದೇ ಅಲ್ಲಿ.

ಹಳೇ ಟಾಕೀಸು (ಬೆಂಗಳೂರು)

ಇದರಲ್ಲಿ ಇನ್ನೊಂದು ಪದರ ಇದೆ. ಎರಡನೇ ಸದಸ್ಯನಾಗಿ ಮೃದು ಮಾತಿನಲ್ಲಿ ಕೂತಿರುವ ಒಸ್ಸಿ ಡೇವಿಸ್ ಯಾರು? 1965ರಲ್ಲಿ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಕೊಲೆಯಾದಾಗ ಅಂತ್ಯಕ್ರಿಯೆಯಲ್ಲಿ ಶ್ರದ್ಧಾಂಜಲಿ ಹೇಳಿದ ಮನುಷ್ಯ. ಮಾಲ್ಕಂ ಎಕ್ಸ್ ಅದರ ಹಿಂದಿನ ವರ್ಷವಷ್ಟೇ ನೇಷನ್ ಆಫ್ ಇಸ್ಲಾಂ ಬಿಟ್ಟು ಹೊರಬಂದಿದ್ದ. ಅಂಥ ಡೇವಿಸ್‌ನ ಎದುರಿಗೇ ಅದೇ ಸಂಘಟನೆಯ ಹಿನ್ನೆಲೆಯ ಹತ್ತನೆಯವನು ಕೂತು ಕಿರುಚುತ್ತಾನೆ. ಒಂದೇ ಸಮುದಾಯದ ಒಳಗಿನ ಎರಡು ದಾರಿಗಳು ಒಂದೇ ಮೇಜಿಗೆ ಬಂದಿವೆ. ಅಧ್ಯಕ್ಷತೆ ವಹಿಸುವ ವ್ಯಾನ್ಸ್ ಮೂರನೇ ದಾರಿ, ಅಚ್ಚುಕಟ್ಟಾಗಿ ನಿಯಮ ಪಾಲಿಸುವವನು. ನಾಲ್ಕು ಜನ ಕಪ್ಪು ಸದಸ್ಯರು ನಾಲ್ಕು ಥರ ಇದ್ದಾರೆ. ಅವರಲ್ಲೊಬ್ಬ ಕೆಟ್ಟವನಾಗುವ ಅವಕಾಶವೂ ಸಮಾನತೆಯ ಭಾಗವೇ ಅಂತ ನನಗನಿಸುತ್ತೆ.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ಡೇವಿಸ್ ವಿಷಯ ಚೆನ್ನಾಗಿ ಎತ್ತಿದಿರಿ. ಆದರೆ ಆ ಇತಿಹಾಸ ಗೊತ್ತಿರುವ ನಮಗೆ ಅದು ಕಾಣುತ್ತೆ, ಚಿತ್ರಕಥೆಯಲ್ಲಿ ಅದಕ್ಕೆ ಒಂದು ಸಾಲೂ ಕೂಡಿಲ್ಲ. ಡೇವಿಸ್ ಬಾಯಲ್ಲಿ ಹತ್ತನೆಯವನಿಗೆ ತಕ್ಕ ಉತ್ತರ ಬರೆಸಿದ್ದರೆ ನಾನು ಇವತ್ತು ನಿಮ್ಮ ಪಕ್ಷ ವಹಿಸುತ್ತಿದ್ದೆ.

ಸಾಗರದ ವಕೀಲ

ಬಣ್ಣದ ಮಾತು ನಡೀತಿದೆ. ಇನ್ನೊಂದು ದೊಡ್ಡ ಖಾಲಿ ಜಾಗ ಯಾರ ಕಣ್ಣಿಗೂ ಬಿದ್ದಿಲ್ವಾ? ಹೆಂಗಸರು ಎಲ್ಲಿ?

1957ರಲ್ಲಿ ಹನ್ನೆರಡೂ ಗಂಡಸರು ಇದ್ದದ್ದಕ್ಕೆ ಕಾರಣ ಕಾನೂನಿನಲ್ಲೇ ಇತ್ತು. ನ್ಯೂಯಾರ್ಕ್ ರಾಜ್ಯದಲ್ಲಿ 1937ರಿಂದ ಹೆಂಗಸರು ಜ್ಯೂರಿಯಲ್ಲಿ ಕೂರಬಹುದಿತ್ತು. ಆದರೆ ಹೆಂಗಸು ಅನ್ನುವ ಒಂದೇ ಕಾರಣ ಹೇಳಿ ವಿನಾಯಿತಿ ಪಡೆಯಬಹುದಿತ್ತು, ಹಾಗಾಗಿ ಬರುವವರು ಕಡಿಮೆ. 1975ರಲ್ಲಿ ಟೇಲರ್ ವಿರುದ್ಧ ಲೂಸಿಯಾನಾ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೆಂಗಸರನ್ನು ಜ್ಯೂರಿ ಪಟ್ಟಿಯಿಂದ ವ್ಯವಸ್ಥಿತವಾಗಿ ಹೊರಗಿಡುವಂತಿಲ್ಲ ಅಂದಿತು. 1994ರಲ್ಲಿ ಜೆ.ಇ.ಬಿ. ವಿರುದ್ಧ ಅಲಬಾಮಾ ಮೊಕದ್ದಮೆಯಲ್ಲಿ, ಗಂಡು ಹೆಣ್ಣು ಅಂತ ನೋಡಿ ವಕೀಲರು ಜ್ಯೂರಿ ಸದಸ್ಯರನ್ನು ತೆಗೆದುಹಾಕುವುದನ್ನೂ ನಿಷೇಧಿಸಿತು. ಮೂರೇ ವರ್ಷಕ್ಕೆ ಈ ಸಿನಿಮಾ. ಪಟ್ಟಿಯಲ್ಲಿ ಅರ್ಧ ಹೆಂಗಸರಿದ್ದು ಸುಮ್ಮನೆ ಚೀಟಿ ಎತ್ತಿದರೂ ಹನ್ನೆರಡೂ ಗಂಡಸರೇ ಬರುವ ಸಂಭವ 4096ರಲ್ಲಿ ಒಂದು. ಫ್ರೀಡ್‌ಕಿನ್ ಮಾಡಿದ್ದು ಏನು? ನ್ಯಾಯಾಧೀಶೆಯ ಸ್ಥಾನದಲ್ಲಿ ಮೇರಿ ಮ್ಯಾಕ್‌ಡೊನೆಲ್‌ರನ್ನು ಕೂರಿಸಿದ. ಆಕೆ ಜ್ಯೂರಿಗೆ ಸೂಚನೆ ಓದಿ ಒಳಗೆ ಕಳಿಸುತ್ತಾಳೆ, ಕಥೆ ನಡೆಯುವ ಕೋಣೆಗೆ ಆಕೆಗೆ ಪ್ರವೇಶವೇ ಇಲ್ಲ.

ಬಣ್ಣದ ವಿಷಯದಲ್ಲಿ 1997 ಆಗಬೇಕು, ಹೆಂಗಸರ ವಿಷಯದಲ್ಲಿ ಮಾತ್ರ 1957 ಇರಬೇಕು ಅಂದರೆ ಅದು ಆಧುನಿಕ ರೂಪ ಅಲ್ಲ. ಅರ್ಧಕ್ಕೆ ನಿಲ್ಲಿಸಿದ ಕೆಲಸ.

ಹಳೇ ಟಾಕೀಸು (ಬೆಂಗಳೂರು)

ಕಾನೂನಿನ ಪ್ರಕಾರ ನಿಮ್ಮ ಮಾತು ಸರಿ. ಆದರೆ ಈ ಕಥೆಯ ಮೂಲದಲ್ಲೇ ಅಪ್ಪ ಮಗನ ಜಗಳ ಇದೆ. ಸತ್ತವನು ಅಪ್ಪ, ಆರೋಪಿ ಮಗ, ಕೊನೆವರೆಗೂ ಹಟ ಹಿಡಿಯುವವನು ಮಗನಿಂದ ದೂರವಾದ ಅಪ್ಪ. ಗಂಡಸರು ಗಂಡಸರ ಎದುರು ಅಳಲಾಗದೆ ಕೂಗಾಡುವುದು, ಸೋತೆ ಅನ್ನಲಾಗದೆ ಮೇಜು ಕುಟ್ಟುವುದು, ಇದು ಇಡೀ ಚಿತ್ರದ ಉಸಿರು. ಒಬ್ಬ ಹೆಂಗಸು ಒಳಗೆ ಬಂದು ಕೂತರೂ ಎಲ್ಲರ ವರ್ತನೆ ಬೇರೆಯಾಗುತ್ತೆ.

ರಂಗದ ಹುಚ್ಚಿ (ಧಾರವಾಡ)

ಬ್ಯಾರೆ ಆಗಲಿ ಬಿಡ್ರಿ! ಬ್ಯಾರೆ ಆಗಬೇಕಂತಲೇ ಅಲ್ಲೇನು ಮತ್ತ ಮಾಡೋದು? ಹಡದವರಿಗೆ ಮಕ್ಕಳ ಮ್ಯಾಲ ಸಿಟ್ಟು ಬರೂದಿಲ್ಲೇನು? ದೂರ ಹೋದ ಮಗನ ಫೋಟೋ ತಾಯಿ ಹತ್ರ ಇರೂದಿಲ್ಲೇನು? ಅಪ್ಪನ ಸಿಟ್ಟು ನಾಟಕ ಆಗತೈತಿ, ಅವ್ವನ ಸಿಟ್ಟು ಯಾಕ ಆಗೂದಿಲ್ಲ?

ನಾಟಕದವರು ಇದಕ್ಕ ಎಂದೋ ಉತ್ತರ ಕಂಡುಕೊಂಡಾರ. ಅಮೆರಿಕದಾಗ 1955ರಿಂದ ಇದರ ರಂಗರೂಪ ಐತಿ, ಶಾಲಿ ಕಾಲೇಜಿನ್ಯಾಗ 'ಟ್ವೆಲ್ವ್ ಆಂಗ್ರಿ ಜ್ಯೂರರ್ಸ್' ಅಂತ ಗಂಡು ಹೆಣ್ಣು ಕೂಡೇ ಆಡತಾರ. ಬರೇ ಹೆಣ್ಣುಮಕ್ಕಳು ಆಡೋದೂ ಐತಿ. ಹುಡುಗರು ಮಾಡಿದ್ದನ್ನ ಫ್ರೀಡ್‌ಕಿನ್‌ಗೆ ಮಾಡಾಕ ಆಗಲಿಲ್ಲಂದ್ರ ಏನು ಹೇಳೋದು.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ಹೌದು, ನನ್ನ ಮಗಳ ಹೈಸ್ಕೂಲಿನಲ್ಲಿ ಆಡಿದ್ದರು. ಎಂಟನೆಯ ಸದಸ್ಯ ಒಬ್ಬ ಹುಡುಗಿ. "ಮಾತಾಡೋಣ" ಅಂತ ಅವಳು ಹೇಳಿದಾಗ ಉಳಿದವರು ತಕ್ಷಣ ಮಧ್ಯೆ ಬಾಯಿ ಹಾಕುತ್ತಾರೆ, ಮಾತು ಮುಗಿಸಲು ಬಿಡಲ್ಲ. ಸಂಭಾಷಣೆ ಒಂದಕ್ಷರ ಬದಲಾಗಿರಲಿಲ್ಲ. ಆಫೀಸಿನ ಮೀಟಿಂಗ್‌ಗಳಲ್ಲಿ ಕೂತ ಅಮ್ಮಂದಿರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಈ ಕಥೆಗೆ ಹೆಂಗಸರು ಹೊಂದಲ್ಲ ಅನ್ನುವವರ ಮಾತನ್ನು ಅವತ್ತಿನಿಂದ ನಾನು ಒಪ್ಪುವುದಿಲ್ಲ.

ಬೆಳಕು ನೆರಳು (ಮೈಸೂರು)

ಫ್ರೀಡ್‌ಕಿನ್ ಬಗ್ಗೆ ಒಂದು ವಿಷಯ ಸೇರಿಸಬೇಕು. ಅವನು 2023ರ ಆಗಸ್ಟ್‌ನಲ್ಲಿ ತೀರಿಕೊಂಡ. ಅವನ ಕೊನೆಯ ಸಿನಿಮಾ 'ದಿ ಕೇನ್ ಮ್ಯುಟಿನಿ ಕೋರ್ಟ್ ಮಾರ್ಷಲ್', ಅದೂ ಹಳೆಯ ಕೋರ್ಟ್ ನಾಟಕದ ಹೊಸ ರೂಪವೇ. ಹರ್ಮನ್ ವೂಕ್‌ನ ಎರಡನೇ ಮಹಾಯುದ್ಧದ ಕಥೆಯನ್ನು ಪರ್ಷಿಯನ್ ಕೊಲ್ಲಿಗೆ ತಂದ. ಅದರಲ್ಲಿ ಪ್ರಾಸಿಕ್ಯೂಷನ್ ಪರ ವಾದಿಸುವುದು ಮೋನಿಕಾ ರೇಮಂಡ್, ಇಡೀ ಮೊಕದ್ದಮೆಯ ಅರ್ಧ ಭಾರ ಆಕೆಯ ಮೇಲಿದೆ. ಕ್ಯಾಮೆರಾ ಕೂಡ ಶಾಂತವಾಗಿದೆ, ಸುತ್ತಾಟವಿಲ್ಲ. 1997ರಲ್ಲಿ ಅವನಿಗೆ ಒಗ್ಗದ ಎರಡೂ ಕೆಲಸವನ್ನು ಅದರಲ್ಲಿ ಚೆನ್ನಾಗಿ ಮಾಡಿದ್ದಾನೆ ಅಂತ ನನ್ನ ಅಭಿಪ್ರಾಯ. ನೋಡದವರು ನೋಡಿ.

ಸಾಗರದ ವಕೀಲ

ನೋಡ್ತೀನಿ. ಈಗ ನನ್ನ ವೃತ್ತಿಯವರು ಎತ್ತುವ ಇನ್ನೊಂದು ಪ್ರಶ್ನೆ. ಎಂಟನೆಯವನು ಮಾಡಿದ್ದು ಸರಿಯಾ?

ಕೊಲೆಗೆ ಬಳಸಿದ ಚಾಕು ಅಪರೂಪದ್ದು ಅಂತ ಪ್ರಾಸಿಕ್ಯೂಷನ್ ಹೇಳಿದೆ. ಇವನು ಆ ಬೀದಿಗೆ ಹೋಗಿ ಅಂಥದೇ ಚಾಕು ಕೊಂಡು ತಂದು ಮೇಜಿಗೆ ಚುಚ್ಚುತ್ತಾನೆ. ರೋಮಾಂಚನ ಆಗುತ್ತೆ. ಆದರೆ ಸಾಕ್ಷ್ಯ ಕೋರ್ಟಿನಲ್ಲಿ ಬರಬೇಕು, ಎರಡೂ ಕಡೆಯ ವಕೀಲರು ಅದನ್ನು ಪರೀಕ್ಷಿಸಬೇಕು. ಜ್ಯೂರಿ ಸದಸ್ಯ ತಾನೇ ತನಿಖೆಗೆ ಹೊರಟರೆ ಅಲ್ಲಿನ ಕಾನೂನಿನ ಪ್ರಕಾರ ಅದು ದುರ್ವರ್ತನೆ, ಗೊತ್ತಾದರೆ ಮೊಕದ್ದಮೆಯೇ ಅಸಿಂಧು ಆಗಬಹುದು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಕಾನೂನು ಓದಲು 1957ರ ಸಿನಿಮಾ ಪ್ರೇರಣೆ ಅಂದವರು. ಅವರೇ ಕೆಳಗಿನ ಕೋರ್ಟಿನಲ್ಲಿದ್ದಾಗ, ಆ ಸಿನಿಮಾದವರ ಹಾಗೆ ಊಹೆ ಮಾಡಬೇಡಿ ಅಂತ ಜ್ಯೂರಿಗಳಿಗೆ ಹೇಳುತ್ತಿದ್ದರಂತೆ.

1957ರಲ್ಲಿ ಇದನ್ನು ಕ್ಷಮಿಸಬಹುದು. 1997ರಲ್ಲಿ ಮತ್ತೆ ಬರೆಯುವಾಗ ಒಬ್ಬ ಸದಸ್ಯನಾದರೂ ಎದ್ದು "ನೀವು ಇದನ್ನು ತರುವಂತಿಲ್ಲ" ಅಂತ ಗಟ್ಟಿಯಾಗಿ ಪಟ್ಟು ಹಿಡಿಯಬೇಕಿತ್ತು. ಅದರಿಂದ ನಾಟಕ ಬೆಳೆಯುತ್ತಿತ್ತು.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ಇಲ್ಲಿ ಒಂದು ಸಿವಿಲ್ ಮೊಕದ್ದಮೆಯಲ್ಲಿ ನಾನು ಜ್ಯೂರಿ ಸದಸ್ಯೆಯಾಗಿದ್ದೆ. ಇಂಟರ್ನೆಟ್‌ನಲ್ಲಿ ಹುಡುಕಬೇಡಿ, ಜಾಗಕ್ಕೆ ಹೋಗಿ ನೋಡಬೇಡಿ ಅಂತ ನ್ಯಾಯಾಧೀಶರು ದಿನಾ ಎಚ್ಚರಿಸುತ್ತಿದ್ದರು. ಹಾಗಾಗಿ ವಕೀಲರ ಮಾತು ನಿಜ. ಆದರೂ ಆ ಕೋಣೆಯಲ್ಲಿ ಕೂತ ಮೇಲೆ ನನಗೆ ಅರ್ಥವಾದದ್ದು ಬೇರೆ: ಮನೆಗೆ ಹೋಗುವ ಆತುರ. ಬೇಸ್‌ಬಾಲ್ ಆಟದ ಟಿಕೆಟ್ ಜೇಬಿನಲ್ಲಿಟ್ಟುಕೊಂಡ ಏಳನೆಯವನಿದ್ದಾನಲ್ಲ, ಅವನು ಉತ್ಪ್ರೇಕ್ಷೆ ಅಲ್ಲ. ಹೊಸದರಲ್ಲಿ ಟೋನಿ ಡಾಂಝಾ ಅದನ್ನು ಚೆನ್ನಾಗಿ ಮಾಡಿದ್ದಾನೆ. ದ್ವೇಷಕ್ಕಿಂತ ಹೆಚ್ಚು ತೀರ್ಪುಗಳನ್ನು ಈ ಆತುರವೇ ಕೆಡಿಸುತ್ತದೆ ಅಂತ ನನ್ನ ನಂಬಿಕೆ.

ಕುಡ್ಲದ ಕಡಲು (ಮಂಗಳೂರು)

ಚಾಕು ತರುವಂತಿಲ್ಲ ಅಂತಾದರೆ ಆ ಹುಡುಗನ ಗತಿ ಏನು ವಕೀಲರೇ? ಅವನ ಪರ ನಿಂತ ವಕೀಲನಿಗೆ ಆಸಕ್ತಿಯೇ ಇರಲಿಲ್ಲ ಅಂತ ಸಿನಿಮಾವೇ ಹೇಳುತ್ತದೆ. ಸಾಕ್ಷಿ ಹೇಳಿದ ಕೆಳಗಿನ ಮನೆಯ ಮುದುಕ ಕುಂಟುಗಾಲಲ್ಲಿ ಹದಿನೈದು ಸೆಕೆಂಡಿಗೆ ಬಾಗಿಲಿಗೆ ಬಂದೆ ಅಂದ, ನಡೆದು ನೋಡಿದರೆ ನಲವತ್ತರ ಮೇಲೆ ಆಗುತ್ತದೆ. ಎದುರು ಮನೆಯಿಂದ, ನಡುವೆ ಓಡುವ ರೈಲಿನ ಕಿಟಕಿಗಳ ಮೂಲಕ ಕೊಲೆ ನೋಡಿದೆ ಅಂದ ಹೆಂಗಸಿನ ಮೂಗಿನ ಮೇಲೆ ಕನ್ನಡಕದ ಗುರುತು. ಇದನ್ನೆಲ್ಲ ಕೋರ್ಟಿನಲ್ಲಿ ಕೇಳಬೇಕಾದವನು ಕೇಳಲಿಲ್ಲ. ದುಡ್ಡಿಲ್ಲದವನಿಗೆ ಸಿಕ್ಕ ವಕೀಲ ಸುಮ್ಮನೆ ಕೂತರೆ ಇನ್ನು ಯಾರು ಕೇಳಬೇಕು?

ಸಾಗರದ ವಕೀಲ

ಮುದುಕನ ನಡಿಗೆ, ಕನ್ನಡಕದ ಗುರುತು, ಇವೆರಡೂ ಕೋರ್ಟಿನಲ್ಲಿ ಕಂಡದ್ದರ ಮೇಲೆ ಮಾಡಿದ ತರ್ಕ. ಅದಕ್ಕೆ ನನ್ನ ತಕರಾರು ಕಡಿಮೆ. ಹೊರಗಿನಿಂದ ತಂದ ಚಾಕುವಿಗೆ ಮಾತ್ರ ನನ್ನ ಆಕ್ಷೇಪ. ನಿಮ್ಮ ಪ್ರಶ್ನೆ ದೊಡ್ಡದು, ಅದಕ್ಕೆ ಉತ್ತರ ಒಳ್ಳೆಯ ಕಾನೂನು ನೆರವು. ಜ್ಯೂರಿಯ ಸಾಹಸ ಅಲ್ಲ.

ನಮ್ಮಲ್ಲೂ ಜ್ಯೂರಿ ಇತ್ತು. ಹೆಂಡತಿಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತ ನೌಕಾಪಡೆ ಅಧಿಕಾರಿ ನಾನಾವತಿಯ 1959ರ ಮೊಕದ್ದಮೆಯಲ್ಲಿ ಬೊಂಬಾಯಿಯ ಜ್ಯೂರಿ ಎಂಟಕ್ಕೆ ಒಂದು ಮತದಿಂದ ನಿರಪರಾಧಿ ಅಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟು ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಆದರೂ 1986ರಲ್ಲಿ ಬಾಸು ಚಟರ್ಜಿ ಇದೇ ಕಥೆಯನ್ನು ಹಿಂದಿಯಲ್ಲಿ 'ಏಕ್ ರುಕಾ ಹುವಾ ಫೈಸ್ಲಾ' ಅಂತ ತೆಗೆದರು, 2012ರಲ್ಲಿ ಕನ್ನಡದಲ್ಲಿ ರವಿಚಂದ್ರನ್, ಅನಂತನಾಗ್ ಇದ್ದ 'ದಶಮುಖ' ಬಂತು. ಇಲ್ಲದ ಪದ್ಧತಿಯನ್ನು ಇದೆ ಅಂತ ಊಹಿಸಿಕೊಂಡು ಜನ ನೋಡಿದರು.

ರಂಗದ ಹುಚ್ಚಿ (ಧಾರವಾಡ)

ಪಂಕಜ್ ಕಪೂರ್ ಆ ಹಿಂದಿಯೊಳಗ ಮೂರನೇ ಸದಸ್ಯ ಆಗ್ಯಾನಲ್ಲ, ಸ್ಕಾಟ್‌ಗಿಂತ ಒಂದು ಗುಂಜಿ ಹೆಚ್ಚ ಅಂತೀನಿ. ರಷ್ಯಾದ ನಿಕಿತಾ ಮಿಖಾಲ್ಕೋವ್ 2007ರಾಗ '12' ಅಂತ ಮಾಡಿದ, ಆರೋಪಿ ಚೆಚೆನ್ ಹುಡುಗ, ಜ್ಯೂರಿ ಕೂಡೋದು ಶಾಲಿಯ ಜಿಮ್‌ನ್ಯಾಗ. ಅಂವ ಮಾತೇ ಬದಲಿಸಿದ, ಒಬ್ಬೊಬ್ಬ ಸದಸ್ಯಗೂ ತನ್ನ ಕಥಿ ಕೊಟ್ಟ, ಚೆಚೆನ್ಯಾ ಯುದ್ಧ ತಂದ. ಎಲ್ಲಾ ಸರಿ ಆಗೇತಿ ಅನ್ನಂಗಿಲ್ಲ, ಸಿನಿಮಾ ಉದ್ದ ಭಾಳ. ಆದ್ರ ತನ್ನ ದೇಶದ ಗಾಯಕ್ಕ ಕೈ ಹಾಕಿದ. ಫ್ರೀಡ್‌ಕಿನ್ ಮುಖ ಬದಲಿಸಿ ಮಾತು ಬಿಟ್ಟ, ಅದಕ್ಕ ಹತ್ತನೆಯವನ ಜಗಳ ಹುಟ್ಟೇತಿ. ಆ ಮಾತು ಬಿಳಿ ಮನಿಶ್ಯಾನ ಬಾಯಿಗೆ ಅಂತ ಹೊಲದ ಅಂಗಿ. ಬ್ಯಾರೆ ಮೈಗೆ ಹಾಕಿದ್ರ ಹೊಲಿಗಿ ಬಿಚ್ಚಬೇಕಿತ್ತು.

ಹಳೇ ಟಾಕೀಸು (ಬೆಂಗಳೂರು)

ಅಕ್ಕ, ಹತ್ತನೆಯವನ ವಿಷಯದಲ್ಲಿ ಇಷ್ಟು ಬಿಟ್ಟುಕೊಡ್ತೀನಿ: ಅವನಿಗೆ ಹೊಸ ಮಾತು ಬೇಕಿತ್ತು. ಕುರ್ಚಿ ಕೊಟ್ಟದ್ದು ಮಾತ್ರ ಸರಿಯೇ. ಲೆಮನ್ ವಿಷಯದಲ್ಲಿ ಒಂದಿಂಚೂ ಬಿಡಲ್ಲ. 1998ರ ಗೋಲ್ಡನ್ ಗ್ಲೋಬ್ ಸಮಾರಂಭ ನೆನಪಿರಬಹುದು. ಟಿ.ವಿ. ಚಿತ್ರದ ಅತ್ಯುತ್ತಮ ನಟ ಪ್ರಶಸ್ತಿ ವಿಂಗ್ ರೇಮ್ಸ್‌ಗೆ ಬಂತು, ಈ ಪಾತ್ರಕ್ಕೆ ಲೆಮನ್ ಸ್ಪರ್ಧೆಯಲ್ಲಿದ್ದ. ರೇಮ್ಸ್ ಲೆಮನ್‌ನನ್ನು ವೇದಿಕೆಗೆ ಕರೆದು ಪ್ರಶಸ್ತಿಯನ್ನು ಅವನ ಕೈಗೇ ಕೊಟ್ಟುಬಿಟ್ಟ. ಜೊತೆಯ ಕಲಾವಿದನಿಗೆ ಕಂಡದ್ದು ನಮ್ಮ ವಿಮರ್ಶಕರಿಗೆ ಯಾಕೆ ಕಾಣಲಿಲ್ಲ?

ಬೆಳಕು ನೆರಳು (ಮೈಸೂರು)

ಪ್ರಶಸ್ತಿ ಲೆಮನ್‌ನ ಇಡೀ ಜೀವಮಾನದ ಕೆಲಸಕ್ಕೆ ಸಂದ ಗೌರವ, ಈ ಒಂದು ಸಿನಿಮಾಕ್ಕಲ್ಲ ಅಂತ ನಾನು ಓದಿಕೊಳ್ತೀನಿ. ಫೋಂಡಾ ಪಾತ್ರದಲ್ಲಿ ಖಾತ್ರಿ ಹೆಚ್ಚು ಅಂತೀರಿ. ಹಾಗಾದರೆ ಬಚ್ಚಲಮನೆಯ ದೃಶ್ಯ ಮತ್ತೆ ನೋಡಿ. "ಒಂದು ವೇಳೆ ಹುಡುಗನೇ ಕೊಂದಿದ್ದು ನಿಜವಾಗಿದ್ದರೆ?" ಅಂತ ಆರನೆಯವನು ಕೇಳಿದಾಗ ಫೋಂಡಾ ಉತ್ತರ ಕೊಡುವುದಿಲ್ಲ. ಅವನು ಕೈ ಒರೆಸಿಕೊಳ್ಳುವ ರೀತಿಯಲ್ಲಿ ನಿಮಗೆ ಬೇಕಾದ ಸಂಶಯ ಪೂರ್ತಿ ಇದೆ.

ಕುಡ್ಲದ ಕಡಲು (ಮಂಗಳೂರು)

ಆರನೆಯವನು ಹೊಸದರಲ್ಲಿ ಜೇಮ್ಸ್ ಗಂಡೋಲ್ಫಿನಿ, ಅದನ್ನು ಯಾರೂ ಹೇಳಲೇ ಇಲ್ಲ! ಅವನಿಗೆ ಹೆಸರು ತಂದ ಟಿ.ವಿ. ಧಾರಾವಾಹಿ 'ದಿ ಸೊಪ್ರಾನೋಸ್' ಶುರುವಾಗುವ ಮೊದಲು. ಎಷ್ಟು ಮೆತ್ತಗೆ ಮಾಡಿದ್ದಾನೆ ನೋಡಿ. ಈ ಭಾನುವಾರ ಅಪ್ಪನಿಗೆ 1957ರದ್ದು ತೋರಿಸ್ತೇನೆ, ಅವರು ನೋಡಿಲ್ಲ. ಕಾಬ್ ಬಗ್ಗೆ ಅವರು ಏನು ಹೇಳ್ತಾರೆ ಅಂತ ಇಲ್ಲಿ ಬರೀತೇನೆ.